ಕೋಳಿ ಸಾರು ಉಂಡು ಬರೆದ ವರದಿಗೆ ಉತ್ತರ

ಯಾವ ಮಗು ಯಾರ ಮನೆಯಲ್ಲಿ ಬೆಳೆಯಬೇಕೆಂದು ಮೇಜಿನ ಹಿಂದೆ ಕೂತು ತೀರ್ಮಾನಿಸುವ ಮಾನ್ಯರೇ,

ನನ್ನ ತಮ್ಮ ಸಫೀರನ ಮಗಳು, ಏಳು ವರ್ಷದ ಆಯಿಶತ್ ಶಿಫಾಳನ್ನು ಬರುವ ಸೋಮವಾರ ಬಾಲಮಂದಿರಕ್ಕೆ ಒಪ್ಪಿಸಬೇಕೆಂದು ನಿಮ್ಮ ಆದೇಶ ಬಂದಿದೆ. ನಾವು ಒಪ್ಪಿಸುವುದಿಲ್ಲ. ಯಾಕೆಂದು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಎದುರಿಗೇ ಹೇಳುತ್ತೇನೆ; ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತು ಹೇಳಿದ್ದು ನಿಮ್ಮ ಕಿವಿಗೆ ಬೀಳಲಿಲ್ಲ.

ಸಫೀರ್ ಜೈಲಿನಲ್ಲಿದ್ದಾನೆ. ಮೊಬೈಲ್ ನೋಡುತ್ತಾ ಪಿಕಪ್ ಓಡಿಸಿ ಒಬ್ಬರ ಜೀವ ತೆಗೆದ. ಶಿಕ್ಷೆಯಾಯಿತು, ಆಗಬೇಕಾದದ್ದೇ. ಅವನ ಹೆಂಡತಿ ಅದಕ್ಕೂ ಮುಂಚೆಯೇ ಕಾಯಿಲೆಯಿಂದ ತೀರಿಕೊಂಡಿದ್ದಳು. ಅಂದಿನಿಂದ ಶಿಫಾ ಕುಂಬ್ರದ ನಮ್ಮ ಮನೆಯಲ್ಲಿ, ನನ್ನ ಉಮ್ಮ, ಅಂದರೆ ಅವಳ ಅಜ್ಜಿ ಹವ್ವಮ್ಮ ಮತ್ತು ನನ್ನ ಕೈಯಲ್ಲಿ ಬೆಳೆಯುತ್ತಿದ್ದಾಳೆ. ತಂದೆ ಒಳಗೆ ಹೋದ ಮೇಲೆ ಪಾಲನೆಯ ಹೊಣೆ ಕಾನೂನು ಪ್ರಕಾರವೇ ನಮಗಿರಲಿ ಎಂದು ನಾವೇ ನಿಮಗೆ ಅರ್ಜಿ ಹಾಕಿದೆವು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ.

ಮನೆ ನೋಡಲು ನಿಮ್ಮ ಪರಿಶೀಲಕಿ ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಉಮ್ಮ ಅಕ್ಕಿರೊಟ್ಟಿ, ಕೋಳಿ ಸಾರು, ಮೊಟ್ಟೆ, ಪಾಯಸ ಎಲ್ಲ ಬಡಿಸಿ, "ಎಂತದೂ ಇಲ್ಲ ಮೇಡಂ, ಬಡವರ ಮನೆ. ಇದ್ದದ್ದರಲ್ಲಿ ಒಂದು ತುಂಡು ತಿನ್ನಿ" ಎಂದರು. ಮೇಡಂ ಎರಡು ಸಲ ಸಾರು ಹಾಕಿಸಿಕೊಂಡರು. ನಡುವೆ, "ಮಗುವನ್ನು ಯಾರು ನೋಡಿಕೊಳ್ಳುತ್ತೀರಿ?" ಎಂದು ಕೇಳಿದರು.

"ನಾವು ಯಾರು ನೋಡ್ಲಿಕ್ಕೆ? ಅಲ್ಲಾಹು ನೋಡುದು" ಎಂದರು ಉಮ್ಮ.

"ಕಲಿಯುವುದರಲ್ಲಿ ಹೇಗೆ?"

"ಎಂತ ಕಲಿಯುದು ಮೇಡಂ! ತಿನ್ನುದೂ ಇಲ್ಲ, ಬರೀ ಪೆದ್ದು."

ವರದಿಯಲ್ಲಿ ಬಂದದ್ದು ಹೀಗೆ: ಮನೆಯಲ್ಲಿ ಆಹಾರವಿಲ್ಲವೆಂದು ಅಜ್ಜಿಯೇ ಒಪ್ಪಿದ್ದಾರೆ, ಮಗುವನ್ನು ನೋಡಿಕೊಳ್ಳುವವರಿಲ್ಲ, ಮಗು ಬುದ್ಧಿಯಲ್ಲಿ ಹಿಂದುಳಿದಿದೆ. ಮೇಡಂ ಉಂಡ ಕೋಳಿ ಯಾವ ಲೋಕದಿಂದ ಬಂದದ್ದೋ!

ಮಾನ್ಯರೇ, ಪುತ್ತೂರಿನಿಂದ ಕಡಬದವರೆಗೆ ಯಾವ ಜಾತಿಯ ಮನೆಯಲ್ಲಾದರೂ ಬಂದವರೆದುರು "ನಮ್ಮಲ್ಲಿ ಬೇಕಾದಷ್ಟುಂಟು" ಎನ್ನುವವರನ್ನು ಕಂಡಿದ್ದೀರಾ? ಸಾವಿರ ಜನಕ್ಕೆ ಬಿರಿಯಾನಿ ಮಾಡಿಸಿದವರೂ 'ಎಂತದೋ ಒಂದು ಊಟ' ಎಂದೇ ಕರೆಯುತ್ತಾರೆ. ಮೊಮ್ಮಗಳನ್ನು ಹೊಗಳಿದರೆ ದೃಷ್ಟಿಯಾದೀತೆಂದು ಹೆದರುವ ಅಜ್ಜಿಯ ಮಾತು ನಿಮಗೆ ಸಾಕ್ಷ್ಯವಾಯಿತು. ಹಾಗಾದರೆ ನಿಮ್ಮ ಕಚೇರಿಯವರು 'ನಾಳೆ ಬನ್ನಿ, ಖಂಡಿತ ಆಗುತ್ತದೆ' ಎಂದದ್ದನ್ನು ನಾವೂ ಸಾಕ್ಷ್ಯವೆಂದು ಹಿಡಿಯಬಹುದೇ? ಊಟ ಮಾಡದ ಈ ಮಗುವಿನ ಯೂನಿಫಾರ್ಮಿನ ಹೊಲಿಗೆಯನ್ನು ವರ್ಷಕ್ಕೆರಡು ಸಲ ಬಿಚ್ಚಿ ದೊಡ್ಡದು ಮಾಡುವವಳು ನಾನು. ನಾನು ಮಗ್ಗಿ ತಪ್ಪಿದರೆ ಈ ಪೆದ್ದಿ ಕೈತಟ್ಟಿ ನಗುತ್ತಾಳೆ.

ವರದಿ ಓದಿ ಹೇಳಿದಂದಿನಿಂದ ಉಮ್ಮ ಸರಿಯಾಗಿ ಉಂಡಿಲ್ಲ. "ನನ್ನ ಬಾಯಿಂದಲೇ ಮಗು ಹೋಗುದಾ ರಹ್ಮತ್?" ಎಂದು ಮತ್ತೆ ಮತ್ತೆ ಕೇಳುತ್ತಾರೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಸೋಮವಾರದ ಬಗ್ಗೆ ಹೆದರಿಕೆಯೂ ಇದೆ.

ಆದ್ದರಿಂದ ಆದೇಶ ರದ್ದು ಮಾಡಿ. ಸೋಮವಾರಕ್ಕೆ ಮೊದಲು ನೀವೇ ಬನ್ನಿ. ನಮ್ಮ ಡಬ್ಬಗಳ ಮುಚ್ಚಳ ತೆರೆದು ನೋಡಿ, ಶಾಲೆಯಲ್ಲಿ ವಿಚಾರಿಸಿ, ನೆರೆಕರೆಯವರನ್ನು ಕೇಳಿ. ಮುಖ್ಯವಾಗಿ ಶಿಫಾಳನ್ನು ಕೇಳಿ. ನಿಮ್ಮ ಪರಿಶೀಲಕಿ ಅವಳೊಡನೆ ಒಂದು ಮಾತೂ ಆಡದೆ ಹೋದರು. ನಿನ್ನೆ ಅವಳು ನನ್ನ ಹೊಲಿಗೆ ಮೆಷಿನಿನ ಪಕ್ಕ ಬಂದು ನಿಂತು ಕೇಳಿದಳು: "ಉಪ್ಪ ತಪ್ಪು ಮಾಡಿದ್ದಕ್ಕೆ ಜೈಲಿಗೆ ಹೋದದ್ದು. ನಾನು ಎಂತ ಮಾಡಿದ್ದು?"

ಆದೇಶಕ್ಕೆ ಸಹಿ ಹಾಕಿದವರು ನೀವು. ಬಂದು ಅವಳ ಮುಖ ನೋಡಿ ನೀವೇ ಹೇಳಿ.

ಇಂತಿ,
ಅಪರಾಧಿಯ ಅಕ್ಕ ಎಂಬುದರ ಹೊರತು ನಿಮ್ಮ ಕಡತದಲ್ಲಿ ಬೇರೆ ಗುರುತಿಲ್ಲದ
ರಹ್ಮತ್, ಟೈಲರ್
ಕುಂಬ್ರ