ನಾನೇ ಮತ್ತಿ

ವಾಗಮಣ್, ಶನಿವಾರ

ಚೇಚಿ,

ಶಿಬಿರದವರು ಫೋನು ಕಿತ್ತಿಟ್ಟುಕೊಂಡಿದ್ದಾರೆ, ಅದಕ್ಕೇ ಈ ಕಾರ್ಡು. ನಾನು ಮನೆಗೆ ಬಂದ ಮೇಲೆ ತಲುಪಿದರೂ ಓದು ಅಕ್ಕಾ. ಅಷ್ಟರಲ್ಲಿ ನನ್ನ ಸಿಟ್ಟು ಆರಿರಬಹುದು. ಮೀನು ಮಾರುವ ನಮ್ಮ ಸಂಘದ ಹೆಂಗಸರಿಗೆ ಎರಡು ದಿನ ವಿಶ್ರಾಂತಿ, ಆತ್ಮವಿಶ್ವಾಸ ಎಂದು ಈ ಗುಡ್ಡಕ್ಕೆ ಕರೆತಂದರಲ್ಲ, ಬಸ್ಸಿಳಿದ ಕೂಡಲೇ ಕೈಗೆ ಲಾವಂಚದ ನೀರು ಚಿಮುಕಿಸಿದರು. ವಾಸನೆ ಹೋಗಬೇಕಂತೆ! ಅದನ್ನೂ ನುಂಗಿಕೊಂಡೆವು.

ಬೆಳಿಗ್ಗೆ ತರಬೇತಿ ಕೊಡುವ ದೆಹಲಿಯ ಹುಡುಗಿ ರಿಧಿಮಾ ನಮ್ಮನ್ನು ದೊಡ್ಡ ಕನ್ನಡಿಯೆದುರು ನಿಲ್ಲಿಸಿ, ಎದೆ ಮೇಲೆ ಕೈಯಿಟ್ಟು ‘ನನಗೆ ನಾನೇ ಮತಿ’ ಎಂದು ಹೇಳಿಸಹೊರಟಳು. ನಮ್ಮ ಮಲಯಾಳದಲ್ಲಿ ಸಾಕು ಎನ್ನುವ ಆ ‘ಮತಿ’ ಅವಳ ಬಾಯಲ್ಲಿ ‘ಮತ್ತಿ’ಯಾಯಿತು; ನಾವು ದಿನಾ ಮಾರುವ ಬೂತಾಯಿ ಮೀನೇ ಆಯಿತು!

“ಜೋರಾಗಿ ಹೇಳಿ, ನಾನೇ ಮತ್ತಿ!”

ನಮ್ಮ ಸಂಘದ ಹಿರಿಯೆ ತ್ರೇಸ್ಯಮ್ಮ ಬಿಡುತ್ತಾರಾ? “ಎಂತ ಮಗಳೇ, ನಲವತ್ತು ವರ್ಷ ಮೀನು ಮಾರಿದ್ದೇನೆ, ಒಂದು ದಿನವೂ ನಾನೇ ಬುಟ್ಟಿಯೊಳಗೆ ಹೋಗಿ ಮಲಗ್ಲಿಲ್ಲ!”

ತಪ್ಪು ತಿದ್ದಿಕೊಳ್ಳುವುದು ಬಿಟ್ಟು ಆ ಹುಡುಗಿ, “ನಿಮ್ಮ ಮೇಲೆ ನಿಮಗೇ ಪ್ರೀತಿ ಇಲ್ಲ ಚೇಚಿ, ಅದಕ್ಕೇ ಈ ಕೋಪ” ಅನ್ನಬೇಕೇ! ತ್ರೇಸ್ಯಮ್ಮನಿಗೆ!

ಮೊಣಕಾಲಿಗೆ ಎಣ್ಣೆ ತಿಕ್ಕಿದರು, ನೋವು ಇಳಿದಿದೆ, ಸುಳ್ಳು ಹೇಳಬಾರದು. ಊಟಕ್ಕೆ ಮಾತ್ರ ಸೊಪ್ಪು, ಬರೀ ಸೊಪ್ಪು.

ಕೊರಳಿಗೆ ಹಾಕಿಕೊಳ್ಳಲು ಒಬ್ಬೊಬ್ಬರಿಗೂ ರಿಧಿಮಾ ಒಂದೊಂದು ಬಿಲ್ಲೆ ಕೊಟ್ಟಿದ್ದಾಳೆ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ‘ನಾನೇ ಮತ್ತಿ’ ಎಂದು ಅಚ್ಚು ಹಾಕಿಸಿ. ಎಸೆಯುವುದಿಲ್ಲ, ತರುತ್ತೇನೆ. ಸೋಮವಾರ ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಮೀನಿನ ಕೊರಳಿಗೆ ಹಾಕುತ್ತೇನೆ. ಅದು ಹೇಳಿದರೆ ಆ ಮಾತು ನಿಜವಾದರೂ ಆಗುತ್ತದೆ.

ಜಾಗ ಮುಗಿಯಿತು.
ನಿನ್ನ ಗ್ಲೋರಿ