ಮರಿಯೇ ಮರಿ ಹಾಕಿತು

14-3-1994, ಸೋಮವಾರ. ಚಿರತೆ ಮರಿ ಎಂದುಕೊಂಡದ್ದು ಮರಿ ಹಾಕಿತು!

ಬೆಳಿಗ್ಗೆ ಕಡಲೆಕಾಯಿ ಬಳ್ಳಿಯ ಮೆದೆಯಲ್ಲಿ ಸಿಕ್ಕಿತ್ತು. ಮನೆಬೆಕ್ಕಿಗಿಂತ ಚಿಕ್ಕದು, ಮೈತುಂಬ ಕಂದು ಚುಕ್ಕೆ. ಟವಲ್ ಎಸೆದು ಹಿಡಿದು, ಕೋಳಿ ಮುಚ್ಚುವ ಬುಟ್ಟಿಯಡಿ ಹಾಕಿದೆ. ತಾಯಿ ಚಿರತೆಯ ಎದುರಿನಿಂದಲೇ ಕಿತ್ತುಕೊಂಡು ಬಂದೆನೆಂದು ಕೊಳತ್ತೂರು ಬಸ್ಸಿನವರಿಗೂ ಹೇಳಿ ಕಳಿಸಿದೆ. ಅದರ ದಪ್ಪ ಹೊಟ್ಟೆಯನ್ನು ತೋರಿಸಿ, ನಮ್ಮ ಹುಂಜ ಅದರೊಳಗಿದೆ ಎಂದು ಊರನ್ನೇ ನಗಿಸಿದೆ.

ಸಂಜೆ ಅಕ್ಕ ಮುನಿಲಕ್ಷ್ಮಮ್ಮ ಕೂಗಿಕೊಂಡಳು.

"ಲೇ, ನಿನ್ ಚಿರತೆ ಮರಿ ಎರಡು ಮರಿ ಆಕೈತೆ, ಬಾರ್ಲಾ!"

ಬಗ್ಗಿ ನೋಡಿದೆ. ಅದು ಪೂರಾ ಬೆಳೆದ ಕಾಡುಬೆಕ್ಕು, ಆ ಜಾತಿಯ ಗಾತ್ರವೇ ಅಷ್ಟು. ಇಲಿಯಷ್ಟು ಮರಿಗಳನ್ನು ನೆಕ್ಕುತ್ತಾ ನನ್ನತ್ತ ಬುಸುಗುಟ್ಟಿತು.

"ಬಾಣಂತೀನ ಕೂಡಾಕಿ ಜಂಬ ಒಡೀತಿದ್ದೀಯಾ? ದಿಗಿಲಾದ್ರೆ ಮರೀನೇ ತಿಂದ್ಬುಡ್ತೈತೆ. ಮೊದ್ಲು ಬುಡು, ಪಾವಂ, ಪಾಪದ್ದು."

"ನಾಳೆ ಚಿರತೆ ನೋಡಕ್ ಬರೋರ್ಗೆ ಏನ್ ತೋರಿಸ್ಲಕ್ಕಾ?"

"ನಿನ್ ಮೀಸೆ ತೋರ್ಸು."

ಬುಟ್ಟಿಯ ಒಂದು ಬದಿಗೆ ಕಲ್ಲು ಕೊಟ್ಟು ಎತ್ತಿಟ್ಟೆ. ತಾಯಿ ಒಂದು ಮರಿಯ ಕತ್ತು ಕಚ್ಚಿಕೊಂಡು ಕಳ್ಳಿಬೇಲಿಯೊಳಗೆ ಮಾಯವಾಯಿತು. ಉಳಿದದ್ದು ಅಲುಗಾಡಲಿಲ್ಲವೆಂದು ನಾನು ಕೈಯಲ್ಲಿ ಎತ್ತಿ ನೋಡಿಬಿಟ್ಟೆ.

"ಮುಟ್ದೇನ್ಲಾ?" ಎಂದಳು ಅಕ್ಕ. "ಮನುಸ್ರ ವಾಸ್ನೆ ತಾಕಿದ್ರೆ ಅದು ತಿರುಗಿ ಮೂಸಾಕಿಲ್ಲ."

ಮರಿಯನ್ನು ಅಲ್ಲೇ ಮಲಗಿಸಿ ಒಳಗೆ ಬಂದೆ. ಆಗಿನಿಂದ ಮರಿಯ ಕೀಚು ದನಿಗೆ ಕಿವಿಗೊಟ್ಟು ಕೂತಿದ್ದೇನೆ. ಈಗ ತಾನೇ ಅದು ನಿಂತಿತು. ತಾಯಿ ಬಂದು ಎತ್ತಿಕೊಂಡಿತೋ, ಇಲ್ಲಾ... ಎದ್ದು ನೋಡುವ ಧೈರ್ಯವಿಲ್ಲ.