ಈ ಸಲ ಸಹಿ ಹಾಕುವುದಿಲ್ಲ

ಮೊಂತೆಫಿಕೊ, ಸಿಸಿಲಿ
ಮಾರ್ಚ್ 3

ಆಶ್ರಯ ಅರ್ಜಿಗಳ ಕಚೇರಿಯ ಮುಖ್ಯಸ್ಥರಿಗೆ, ಎರಿಟ್ರಿಯಾದ ಲೆತೆಬ್ರಹಾನಳ ನಮಸ್ಕಾರಗಳು.

ನನ್ನ ಅರ್ಜಿಯನ್ನು ಆರು ತಿಂಗಳೊಳಗೆ ತೀರ್ಮಾನಿಸಬೇಕೆನ್ನುವುದು ನಿಮ್ಮದೇ ಕಾನೂನು. ಈಗ ಹದಿನಾಲ್ಕು ತಿಂಗಳಾಯಿತು. ತಪ್ಪಿನಲ್ಲಿ ನನ್ನ ಪಾಲೂ ಇದೆ. ನಾನಾಡುವುದು ತಿಗ್ರಿನ್ಯಾ. ಎರಡು ಸಂದರ್ಶನಕ್ಕೂ ನೀವು ಕರೆಸಿದ ದುಭಾಷಿಗೆ ಬರುತ್ತಿದ್ದದ್ದು ಅಮ್ಹಾರಿಕ್ ಮಾತ್ರ. ಎರಡು ಸಲವೂ ನಿಮ್ಮ ಕಚೇರಿಯ ಒರ್ನೆಲ್ಲಾ ಮೇಡಂ ಒಂದು ಕಾಗದ ಮುಂದಿಟ್ಟು, "ಇಲ್ಲೊಂದು ಸಹಿ ಹಾಕಮ್ಮ, ಬೇರೆ ದಿನ ಕೊಡ್ತೀವಿ" ಎಂದು ಸನ್ನೆ ಮಾಡಿ ತಿಳಿಸಿದರು. ಹಿರಿಯರು ಕೊಟ್ಟ ಪೆನ್ನು ಬೇಡವೆನ್ನುವುದು ನಮ್ಮಲ್ಲಿ ಒರಟುತನ. ಹಾಕಿಬಿಟ್ಟೆ.

ವಸತಿಯಲ್ಲಿ ನನ್ನ ಜೊತೆಗಿರುವ ಅಬ್ರೆಹೆತ್‌ಗೆ ಇಟಾಲಿಯನ್ ಓದಲು ಬರೆಯಲು ಬರುತ್ತದೆ. ಮೊನ್ನೆ ಆ ಕಾಗದದ ನನ್ನ ಪ್ರತಿ ನೋಡಿ ನನ್ನ ತಲೆಗೆ ಮೊಟಕಿದಳು. "ಅಯ್ಯೋ ಮಂಕೇ, ಅರ್ಜಿದಾರಳೇ ಕೇಳಿದ್ದಕ್ಕೆ ಮುಂದೂಡಿದೀವಿ ಅಂತ ಬರೆದಿದಾರಲ್ಲೇ! ನೀನು ಸಹಿ ಹಾಕಿದಾಗೆಲ್ಲ ಆರು ತಿಂಗಳನ್ನ ಮೊದಲಿಂದ ಎಣಿಸ್ತಾರೆ."

ಮಗಳು ಸೆಲಿಹೊಮ್ ಖಾರ್ಟೂಮಿನಲ್ಲಿ ನನ್ನ ತಂಗಿಯ ಹತ್ತಿರ ಇದ್ದಾಳೆ. ತೀರ್ಮಾನವಾಗದೆ ಅವಳನ್ನು ಕರೆಸುವಂತಿಲ್ಲ. ಅಕ್ಟೋಬರಿಗೆ ಹದಿನೆಂಟು ತುಂಬಿದರೆ ಅವಳು ಮಕ್ಕಳ ಪಟ್ಟಿಯಿಂದಲೇ ಹೊರಗೆ. ಅವಳ ವಯಸ್ಸನ್ನು ಮೊದಲಿಂದ ಎಣಿಸಲು ನನಗೆ ಬರುವುದಿಲ್ಲ.

ಒಂಬತ್ತನೇ ತಾರೀಕು ಮೂರನೇ ಸಂದರ್ಶನ. ನಮ್ಮ ಮನೆಗಳಲ್ಲಿ ಕಾಫಿ ಮೂರು ಸುತ್ತು ಬರುತ್ತದೆ. ಮೂರನೆಯದು ಆಶೀರ್ವಾದದ್ದು, ಅದನ್ನು ಕುಡಿಯದೆ ಯಾರೂ ಏಳುವುದಿಲ್ಲ. ನಾನೂ ಏಳುವುದಿಲ್ಲ. ದಯವಿಟ್ಟು ತಿಗ್ರಿನ್ಯಾ ಬಲ್ಲವರನ್ನು ಕರೆಸಿ. ಅವರು ಬರುವವರೆಗೆ ಆ ಕುರ್ಚಿಯಲ್ಲೇ ಕಾಯುತ್ತೇನೆ. ಬುತ್ತಿ ಕಟ್ಟಿಕೊಂಡೇ ಬರುತ್ತೇನೆ.

ಇತಿ ನಿಮ್ಮ ಅರ್ಜಿದಾರಳು,
ಲೆತೆಬ್ರಹಾನ್

ಈ ಪತ್ರ ಬರೆದವಳು ಅಬ್ರೆಹೆತ್. ನನ್ನ ಭಾಷೆಯಲ್ಲಿ ಎರಡು ಸಲ ಓದಿಸಿಕೊಂಡು, ಆಮೇಲೆ ಸಹಿ ಹಾಕಿದ್ದೇನೆ.